ಮೀನಿಗೆ ಮಸಾಲೆ ಎಷ್ಟು ಬೇಕು?

2023ರ ಆಟಿ ತಿಂಗಳಲ್ಲಿ ನನ್ನ ಹೆಂಡತಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಡಾಕ್ಟರು ಪ್ಲಾಸ್ಟರ್ ಹಾಕಿ, "ಆರು ವಾರ ಈ ಕೈಯಲ್ಲಿ ಒಂದು ಲೋಟ ಸಹ ಎತ್ತಬಾರದು" ಎಂದು ಹೇಳಿ ಕಳಿಸಿದರು. ಆಟೋದಲ್ಲಿ ವಾಪಸು ಬರುವಾಗ ಇಬ್ಬರಿಗೂ ಮಾತಿಲ್ಲ. ಮನೆ ಮುಟ್ಟುವ ಹೊತ್ತಿಗೆ ಅವಳೇ ಕೇಳಿದಳು: "ಅನ್ನ ನೀವು ಇಡ್ತೀರಿ ಅಂತ ಇಟ್ಟುಕೊಳ್ಳುವ. ಮೀನು ಯಾರು ಮಾಡುವುದು?"

ನನಗೆ ಆಗ 61 ವರ್ಷ. ಬದಿಯಡ್ಕದಿಂದ ಒಳಗೆ ಸ್ವಲ್ಪ ಅಡಿಕೆ, ತೆಂಗು ಉಂಟು. ಪೇಟೆಯಲ್ಲಿ ಅಡಿಕೆ, ಕಾಳುಮೆಣಸು ಕೊಳ್ಳುವ ಸಣ್ಣ ಅಂಗಡಿ ಉಂಟು. ಮೂವತ್ತು ವರ್ಷದಿಂದ ಮನೆಗೆ ಮೀನು ತಂದವನು ನಾನೇ. ಮೀನಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬವೂ ಇತ್ತು. ಆದರೆ ತೊಟ್ಟೆಯನ್ನು ಅಡಿಗೆಮನೆಯ ಬಾಗಿಲಲ್ಲಿ ಇಟ್ಟ ಮೇಲೆ, ಅದು ಬಟ್ಟಲಿಗೆ ಬರುವವರೆಗೆ ಎಂತ ಆಗ್ತದೆ ಎಂದು ನೋಡಿದವನಲ್ಲ. ನನ್ನ ಹಾಗೆ ಇರುವವರು ಈ ಪುಟದ ಓದುಗರಲ್ಲಿ ಕಡಿಮೆ ಇಲ್ಲ ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ. ಸಸ್ಯಾಹಾರಿ ಬಂಧುಗಳು ಪುಟ ಮಗುಚಿದರೆ ನನಗೆ ಬೇಸರ ಇಲ್ಲ.

ಮೊದಲ ನಾಲ್ಕು ದಿನ ಹೋಟೆಲಿನಿಂದ ಪಾರ್ಸೆಲ್ ಬಂತು. ಮೀನು ಫ್ರೈ ಎಂದರೆ ಕೆಂಪು ಬಣ್ಣದ ಗಟ್ಟಿ ಹೊದಿಕೆ. ಒಳಗೆ ಇರುವುದು ಬಂಗುಡೆಯಾ, ಬೇರೆ ಎಂತದ್ದಾ ಎಂದು ಮುಳ್ಳು ನೋಡಿಯೇ ತಿಳಿಯಬೇಕು. ಎಣ್ಣೆ ಎಷ್ಟು ಸಲ ಕಾದದ್ದೋ ದೇವರಿಗೇ ಗೊತ್ತು. ಐದನೆಯ ದಿನ ಹೊಟ್ಟೆ ಉರಿ ಶುರುವಾಯಿತು. ಬೆಂಗಳೂರಿನ ಮಗ ಫೋನಿನಲ್ಲಿ, "ಅಪ್ಪ, ಪ್ಯಾಕೆಟ್ ಮಸಾಲೆ ಸಿಗ್ತದೆ, ಕಲಸಿ ಹಚ್ಚಿದರೆ ಆಯ್ತು" ಎಂದ. ತಂದೆ, ಹಚ್ಚಿದೆ, ಕಾವಲಿಗೆ ಹಾಕಿದೆ. ಹಾಕಿದ ಅರ್ಧ ನಿಮಿಷಕ್ಕೇ ಮಗುಚಲು ಹೋದೆ. ಚರ್ಮ ಕಾವಲಿಯಲ್ಲಿ ಉಳಿಯಿತು, ಮೀನು ಸಟ್ಟುಗದಲ್ಲಿ ಪುಡಿ ಪುಡಿಯಾಗಿ ಬಂತು. ಅದನ್ನೇ ಅನ್ನಕ್ಕೆ ಕಲಸಿ ತಿಂದೆವು. ಅವಳು ಏನೂ ಹೇಳಲಿಲ್ಲ. ಅದೇ ಹೆಚ್ಚು ನಾಚಿಕೆ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ನಮ್ಮ ಕಡೆ ಮೀನಿನ ಅಡಿಗೆ ಎಂದರೆ ಬಹಳ ಕಷ್ಟದ್ದು ಎಂದು ನಾವೇ ಒಂದು ಕೋಟೆ ಕಟ್ಟಿಕೊಂಡಿದ್ದೇವೆ. ಕೊತ್ತಂಬರಿ ಹುರಿಯಬೇಕು, ಮೆಂತೆ ಸೀಯಬಾರದು, ಜೀರಿಗೆ, ಸಾಸಿವೆ, ಓಮ ಲೆಕ್ಕದಲ್ಲಿ ಇರಬೇಕು, ಬ್ಯಾಡಗಿ ಮೆಣಸು ಬೇರೆಯಾಗಿ ಹುರಿಯಬೇಕು, ಒಂದು ಇಡೀ ತೆಂಗಿನಕಾಯಿ ತುರಿಯಬೇಕು, ಎಲ್ಲವನ್ನೂ ಗಂಧದ ಹಾಗೆ ಕಡೆಯಬೇಕು. ಅದರಲ್ಲಿ ಒಂದು ತಪ್ಪಿದರೂ "ಇವತ್ತು ಸಾರು ಹೊಂದಲಿಲ್ಲ" ಎಂದು ಊಟಕ್ಕೆ ಕೂತವ ಹೇಳುತ್ತಾನೆ. ಹೇಳುವವ ಕಡೆಯುವ ಕಲ್ಲು ಮುಟ್ಟಿದವನಲ್ಲ. ಮದುವೆಗೆ, ನೆಂಟರು ಬಂದಾಗ, ಹಬ್ಬದ ಮರುದಿನಕ್ಕೆ ಆ ಗಸಿ ಬೇಕು. ಅದರ ರುಚಿಗೆ ಎದುರಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ವಾರಕ್ಕೆ ಐದು ದಿನ ಮೀನು ತಿನ್ನುವ ಮನೆಯಲ್ಲಿ ಐದು ದಿನವೂ ಅದೇ ಆಗಬೇಕು ಎಂದರೆ ಅದು ಒಬ್ಬಳ ಕೈ ಸವೆಯುವ ಲೆಕ್ಕ. ಆ ಕೈ ಒಂದು ದಿನ ಮುರಿದರೆ ಇಡೀ ಮನೆ ಹೋಟೆಲಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ನಾನು ನಿಂತ ಹಾಗೆ.

ಹೊಸ ತಲೆಯವರಿಗೂ ಇದೇ ಹೆದರಿಕೆ. ಮಂಗಳೂರು, ಬೆಂಗಳೂರು ಸೇರಿದ ಮಕ್ಕಳು "ಅಷ್ಟೆಲ್ಲ ಯಾರು ಮಾಡ್ತಾರೆ" ಎಂದು ಮೀನು ತರುವುದನ್ನೇ ಬಿಟ್ಟು ಕೋಳಿಗೆ ಹೋದದ್ದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಐದನೆಯ ದಿನ ಸಂಜೆ ಅವಳು ಅಡಿಗೆಮನೆಯಲ್ಲಿ ಸ್ಟೂಲು ಹಾಕಿ ಕೂತಳು. "ನಾನು ಹೇಳ್ತೇನೆ, ನೀವು ಮಾಡಿ. ಹೆಚ್ಚು ಎಂತ ಇಲ್ಲ" ಅಂದಳು. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬೈಕಿನ ಹಾರ್ನ್ ಕೇಳಿತು: "ಮತ್ತಿ, ಮತ್ತಿ, ನಲ್ಲ ಮತ್ತಿ!" ನಮ್ಮ ಮೀನಿನ ಕಾಕ. ಟ್ರಾಲಿಂಗ್ ನಿಷೇಧದ ದಿನಗಳಾದ್ದರಿಂದ ದೊಡ್ಡ ದೋಣಿಯ ಮೀನು ಇಲ್ಲ, ಸಣ್ಣ ದೋಣಿಯವರು ತಂದ ಬೂತಾಯಿ ಮಾತ್ರ. ಅರ್ಧ ಕಿಲೋ ತೆಗೆದುಕೊಂಡೆ.

ಮೊದಲ ಪಾಠ ಮೆಟ್ಟುಕತ್ತಿಯಲ್ಲಿ. ಮೀನನ್ನು ಎರಡು ಕೈಯಲ್ಲಿ ಹಿಡಿದು ಬಾಲದಿಂದ ತಲೆಯ ಕಡೆಗೆ ಕತ್ತಿಯ ಬಾಯಿಗೆ ಹಗುರಕ್ಕೆ ಉಜ್ಜಿದರೆ ಹುರುಪೆ ಏಳುತ್ತದೆ. ಜಾರಿದರೆ ಕೈಗೆ ಒಂದು ಚಿಟಿಕೆ ಬೂದಿಯೋ ಕಲ್ಲುಪ್ಪೋ ತಾಗಿಸಿಕೊಳ್ಳಬೇಕು. ರೆಕ್ಕೆ, ಬಾಲದ ತುದಿ ಕತ್ತರಿಸಬೇಕು. ಕಿವಿರು ಎಳೆದು ತೆಗೆಯಬೇಕು. ಹೊಟ್ಟೆ ಸೀಳಿ ಒಳಗಿನದ್ದನ್ನು, ಬೆನ್ನೆಲುಬಿಗೆ ಅಂಟಿದ ಕಪ್ಪು ನೆತ್ತರನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆಯಬೇಕು. ಕಹಿ, ನಾತ ಎರಡೂ ಇರುವುದು ಅಲ್ಲಿಯೇ. ಮತ್ತೆ ಉಪ್ಪು ಹಾಕಿ ಎರಡು ನೀರಿನಲ್ಲಿ ತೊಳೆದರೆ ಸಾಕು. "ಮೂರು ನಾಲ್ಕು ಸಲ ತೊಳೆದರೆ ರುಚಿ ಎಲ್ಲ ಬಚ್ಚಲಿಗೆ ಹೋಗ್ತದೆ" ಎಂದಳು. ಹದಿನಾಲ್ಕು ಬೂತಾಯಿಗೆ ನನಗೆ ಮುಕ್ಕಾಲು ಗಂಟೆ ಬೇಕಾಯಿತು, ಎರಡು ಕಡೆ ಬೆರಳು ಕೊಯ್ದುಕೊಂಡೆ. ಈಗ ಹದಿನೈದು ನಿಮಿಷ ಸಾಕು.

ಆಮೇಲೆ ಪುಳಿಮುಂಚಿ. ಇದರ ಹೆಸರಿನಲ್ಲಿಯೇ ಅಡಿಗೆ ಉಂಟು: ತುಳುವಿನಲ್ಲಿ ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಸಣ್ಣ ಲಿಂಬೆ ಗಾತ್ರದ ಹುಣಸೆಯನ್ನು ಒಂದು ಲೋಟ ನೀರಿನಲ್ಲಿ ಕಿವುಚಿ ಮಣ್ಣಿನ ಬಿಸಲೆಗೆ ಸುರಿದೆ. ಎರಡು ಚಮಚ ಬ್ಯಾಡಗಿ ಮೆಣಸಿನ ಹುಡಿ, ಅರ್ಧ ಚಮಚ ಅರಸಿನ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಸೀಳಿದ ಮೂರು ಕಾಯಿಮೆಣಸು, ಉಪ್ಪು. ಇಷ್ಟೇ. ಮೀನು ಹಾಕುವ ಮೊದಲು ಈ ರಸವೇ ಏಳೆಂಟು ನಿಮಿಷ ಕುದಿಯಬೇಕು. ಹುಡಿಯ ಹಸಿ ವಾಸನೆ ಹೋಗಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಮೆಣಸು ಬೇಯುವ ಹೊತ್ತಿಗೆ ಮೀನು ಕರಗಿ ಹೋಗಿರುತ್ತದೆ. ರಸ ಸ್ವಲ್ಪ ಗಟ್ಟಿಯಾದ ಮೇಲೆ ಬೂತಾಯಿಯನ್ನು ಒಂದರ ಪಕ್ಕ ಒಂದು ಮಲಗಿಸಿ ಆರೇಳು ನಿಮಿಷ ಬೇಯಿಸಬೇಕು. ಸೌಟು ಹಾಕಲೇಬಾರದು. ಬಿಸಲೆಯನ್ನು ಬಟ್ಟೆಯಲ್ಲಿ ಹಿಡಿದು ಸುತ್ತ ಒಮ್ಮೆ ಅಲ್ಲಾಡಿಸಿದರೆ ಆಯಿತು. ಒಲೆ ಆರಿಸಿ ಮೇಲಿಂದ ಒಂದು ಚಮಚ ಹಸಿ ತೆಂಗಿನೆಣ್ಣೆ, ಒಂದು ಕಡ್ಡಿ ಕರಿಬೇವು, ಮುಚ್ಚಳ. ಅರ್ಧ ಗಂಟೆ ಯಾರೂ ಮುಚ್ಚಳ ತೆಗೆಯಬಾರದು.

ಕುಚ್ಚಲಕ್ಕಿ ಅನ್ನಕ್ಕೆ ಅದನ್ನು ಬಡಿಸಿಕೊಂಡು ಕೂತಾಗ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಇಷ್ಟು ಸುಲಭದ್ದನ್ನು ಇಷ್ಟು ವರ್ಷ ಯಾಕೆ ನನ್ನಿಂದ ಅಡಗಿಸಿಟ್ಟರು? ಕೇಳಿಯೇ ಬಿಟ್ಟೆ. "ಅಡಗಿಸಿದ್ದು ಯಾರು? ನೀವು ಒಳಗೆ ಬಂದಿದ್ದೀರಾ?" ಎಂದಳು. ಉತ್ತರ ಇರಲಿಲ್ಲ.

ಗಡಿಯಲ್ಲಿ ಇರುವವರಿಗೆ ಒಂದು ಲಾಭ ಉಂಟು, ಅದನ್ನು ನಾವು ಪೂರ್ತಿ ತೆಗೆದುಕೊಳ್ಳುವುದಿಲ್ಲ. ನಮ್ಮ ಬೂತಾಯಿ ಮಲಯಾಳದಲ್ಲಿ ಮತ್ತಿ, ಕೊಂಕಣಿಯವರಿಗೆ ತಾರ್ಲೆ, ಕುಂದಾಪುರ ಕಡೆ ಬೈಗೆ. ಬಂಗುಡೆ ಅಯಿಲ ಆಗುತ್ತದೆ. ಅಂಜಲ್ ಅಯಕೂರ ಆಗುತ್ತದೆ. ಪೇಟೆಯಲ್ಲಿ ಎರಡು ಭಾಷೆಯಲ್ಲಿ ಚರ್ಚೆ ಮಾಡಿ ಎರಡು ರೂಪಾಯಿ ಇಳಿಸುವ ನಾವು, ಪಕ್ಕದ ಮನೆಯ ಒಲೆಯ ಕಡೆ ಮಾತ್ರ ಕಣ್ಣು ಹಾಯಿಸುವುದಿಲ್ಲ. ನಮ್ಮ ನೆರೆಯಲ್ಲಿ ಮಲಯಾಳ ಟೀಚರೊಬ್ಬರಿದ್ದಾರೆ. ಹೆಂಡತಿಯನ್ನು ನೋಡಲು ಬಂದವರು ನನ್ನ ಅವಸ್ಥೆ ನೋಡಿ ನಗಾಡಿ, ತಮ್ಮ ಮನೆಯ ಕಾಯಿ ಅರೆದ ಕರಿ ಹೇಳಿಕೊಟ್ಟರು. ಅದರಲ್ಲಿ ಹುರಿಯುವ ಕೆಲಸವೇ ಇಲ್ಲ. ಅರ್ಧ ಕಾಯಿತುರಿ, ಒಂದೂವರೆ ಚಮಚ ಮೆಣಸಿನ ಹುಡಿ, ಅರಸಿನ, ಎರಡು ಸಣ್ಣ ನೀರುಳ್ಳಿ ಹಸಿಯಾಗಿಯೇ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ನೀರು ಸೇರಿಸಿ, ನಾಲ್ಕು ತುಂಡು ಹುಳಿ ಮಾವಿನಕಾಯಿ ಹಾಕಿ ಕುದಿಸುವುದು. ಕುದಿ ಬಂದ ಮೇಲೆ ಮೀನು. ಕೊನೆಗೆ ತೆಂಗಿನೆಣ್ಣೆಯಲ್ಲಿ ಸಣ್ಣ ನೀರುಳ್ಳಿ, ಕರಿಬೇವಿನ ಒಗ್ಗರಣೆ. ಮಾವಿನಕಾಯಿ ಇಲ್ಲದಿದ್ದರೆ ಹಿತ್ತಿಲಿನ ಬಿಂಬುಳಿ ನಾಲ್ಕು ಸೀಳಿ ಹಾಕಿದರೂ ಆಯಿತು. ಬಿಂಬುಳಿ ನಮ್ಮಲ್ಲಿ ಮರದಡಿ ಬಿದ್ದು ಕೊಳೆಯುತ್ತದೆ, ನಾವು ಅಂಗಡಿಯಿಂದ ಹುಣಸೆ ತರುತ್ತೇವೆ. ಇದು ಯಾವ ಬುದ್ಧಿ ಎಂದು ವ್ಯಾಪಾರಿಯಾದ ನನಗೇ ತಿಳಿಯುವುದಿಲ್ಲ.

ಅಗೋಸ್ತು ಬಂತು, ದೋಣಿಗಳು ಇಳಿದವು, ಬಂಗುಡೆ ಬಂತು. ನನ್ನ ಮೊದಲ ದಿನದ ಅವಮಾನಕ್ಕೆ ಸೇಡು ತೀರಿಸಬೇಕಿತ್ತು. ಈ ಸಲ ಪ್ಯಾಕೆಟ್ ಇಲ್ಲ. ನಾಲ್ಕು ಬಂಗುಡೆಗೆ ಎರಡೂ ಬದಿ ಮೂರು ಮೂರು ಗೀರು. ಎರಡು ಚಮಚ ಮೆಣಸಿನ ಹುಡಿ, ಕಾಲು ಚಮಚ ಅರಸಿನ, ಅರ್ಧ ಚಮಚ ಕಾಳುಮೆಣಸಿನ ಹುಡಿ, ಉಪ್ಪು, ಕಲಸಲು ಗಟ್ಟಿ ಹುಣಸೆ ರಸ. ನೀರು ಬೇಡ, ನೀರು ಹಾಕಿದರೆ ಮಸಾಲೆ ಕಾವಲಿಗೆ ಇಳಿಯುತ್ತದೆ. ತೊಳೆದ ಮೀನಿನ ಪಸೆಯನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಗೀರಿನ ಒಳಗೆ ಸಹ ಹಚ್ಚಿ ಇಪ್ಪತ್ತು ನಿಮಿಷ ಇಡಬೇಕು. ಕಾವಲಿ ಚೆನ್ನಾಗಿ ಕಾದ ಮೇಲೆಯೇ ಎಣ್ಣೆ, ಎಣ್ಣೆ ಕಾದ ಮೇಲೆಯೇ ಮೀನು, ಮತ್ತೆ ಉರಿ ಮಧ್ಯಮ. ಎರಡು ಮೂರು ಚಮಚ ಎಣ್ಣೆ ಸಾಕು.

ಇನ್ನು ಕಷ್ಟದ್ದು ಒಂದೇ: ಕೈ ಕಟ್ಟಿ ನಿಲ್ಲುವುದು. ನಾಲ್ಕೈದು ನಿಮಿಷ ಮುಟ್ಟಬಾರದು. ಕೆಳಗಿನ ಬದಿ ಗರಿಗರಿಯಾದ ಮೇಲೆ ಮೀನು ತಾನಾಗಿಯೇ ಕಾವಲಿಯನ್ನು ಬಿಡುತ್ತದೆ; ಸಟ್ಟುಗ ತಾಗಿಸಿದಾಗ ಬಿಡದಿದ್ದರೆ ಇನ್ನೂ ಹೊತ್ತಾಗಿಲ್ಲ ಎಂದು ಅರ್ಥ. ಮಗುಚುವುದು ಒಂದೇ ಸಲ.

ಇದೇ ಮಸಾಲೆ ಹಚ್ಚಿದ ಮೀನನ್ನು ಬೆಂಕಿಯಲ್ಲಿ ಬಾಡಿಸಿದ ಬಾಳೆಲೆಯಲ್ಲಿ ಮಡಚಿ, ಬಾಳೆನಾರಿನಲ್ಲಿ ಕಟ್ಟಿ, ಕಾವಲಿಯ ಮೇಲೆ ಮುಚ್ಚಿಟ್ಟು ಒಂದೊಂದು ಬದಿ ಎಂಟು ನಿಮಿಷ ಬೇಯಿಸಿದರೆ ಎಣ್ಣೆ ಒಂದು ಚಮಚವೂ ಬೇಡ. ಒಳಗೆ ಒಂದು ತುಂಡು ಅರಸಿನ ಎಲೆ ಇಟ್ಟರೆ ಪರಿಮಳ ಬೇರೆಯೇ. ಬಿ.ಪಿ., ಕೊಲೆಸ್ಟ್ರಾಲ್ ಎಂದು ಮೀನು ಫ್ರೈಯನ್ನು ದೂರದಿಂದ ನೋಡುವ ನನ್ನ ಪ್ರಾಯದವರಿಗೆ ನಾನು ಹೇಳುವುದು ಇದನ್ನೇ.

ಮಸಾಲೆ ಕಡಿಮೆ ಮಾಡಿದರೆ ಒಂದು ತೊಂದರೆ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಹಳತು ಮೀನಿನ ಗುಟ್ಟು ಹೊರಗೆ ಬೀಳುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ತೊಂದರೆ ಅಲ್ಲ, ಲಾಭ. ಹೋಟೆಲಿನ ಕೆಂಪು ಹೊದಿಕೆ ಯಾಕೆ ಅಷ್ಟು ದಪ್ಪ ಎಂದು ಈಗ ನನಗೆ ಸ್ವಲ್ಪ ಅರ್ಥ ಆಗುತ್ತದೆ. ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಎತ್ತಿದರೆ ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಬೇಕು. ಬೂತಾಯಿಯಾದರೆ ಹೊಟ್ಟೆ ನೋಡಿ. ಅದು ಮೊದಲು ಒಡೆಯುವುದು ಅಲ್ಲಿ. ಕಡಲಿನ ವಾಸನೆ ಇರಲಿ, ಮೂಗಿಗೆ ಚುಚ್ಚುವ ವಾಸನೆ ಬೇಡ. ಒಂದು ಕಿಲೋ ಮೀನಿಗೆ ಒಂದು ಕಿಲೋ ಮಂಜುಗಡ್ಡೆ ಎಂಬುದು ಲೆಕ್ಕ. ಮಂಜು ಇಲ್ಲದ ಬುಟ್ಟಿಯ ಮೀನು ಮಧ್ಯಾಹ್ನದ ಬಿಸಿಲಿಗೆ ಎಷ್ಟೇ ಅಗ್ಗಕ್ಕೆ ಸಿಕ್ಕಲಿ, ಬಿಟ್ಟುಬಿಡಿ. ಬಂಗುಡೆ, ಬೂತಾಯಿ, ಚೂರ ಇಂಥ ಮೀನುಗಳು ಸೆಕೆಯಲ್ಲಿ ಕೂತರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ. ಮುಖ ಕೆಂಪಾಗುವುದು, ಮೈ ತುರಿಸುವುದು, ತಲೆನೋವು, ವಾಂತಿ. ಅದು ಎಷ್ಟು ಬೇಯಿಸಿದರೂ, ಎಷ್ಟು ಮೆಣಸು ಹಾಕಿದರೂ ಹೋಗುವುದಿಲ್ಲ. ನಾವು "ಮೀನು ಮೈಗೆ ಆಗಲಿಲ್ಲ" ಎಂದು ಹೇಳುವುದರಲ್ಲಿ ಎಷ್ಟೋ ಸಲ ತಪ್ಪು ನಮ್ಮ ಮೈಯದ್ದಲ್ಲ, ಮಂಜು ಹಾಕದವರದ್ದು.

ಫಾರ್ಮಾಲಿನ್ ಗಲಾಟೆ ನೆನಪಿರಬಹುದು. 2018ರ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ 'ಆಪರೇಷನ್ ಸಾಗರರಾಣಿ' ಎಂದು ಹೊರಟು, ಹೊರ ರಾಜ್ಯದಿಂದ ಬಂದ ಲಾರಿಗಟ್ಟಲೆ ಮೀನನ್ನು ಗಡಿಯ ಚೆಕ್‌ಪೋಸ್ಟುಗಳಲ್ಲಿ ಹಿಡಿಯಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಅದನ್ನು ಪತ್ತೆ ಮಾಡುವ ಕಾಗದದ ಪಟ್ಟಿಯನ್ನೂ ತಯಾರಿಸಿದರು. ಆ ತಿಂಗಳು ನಮ್ಮೂರಿನಲ್ಲಿ ಮೀನು ಕೇಳುವವರೇ ಇರಲಿಲ್ಲ. ಆದರೆ ಅದರಿಂದ ನಾವು ಕಲಿತದ್ದು ಎಂತ? ಎರಡು ತಿಂಗಳಲ್ಲಿ ಮರೆತೆವು. ನಾನು ಕಲಿತದ್ದು ಒಂದೇ: ದೂರದ ದೊಡ್ಡ ಮೀನಿನ ಹಿಂದೆ ಹೋಗುವುದಕ್ಕಿಂತ ಮಂಜೇಶ್ವರದಲ್ಲಿಯೋ ಕಾಸರಗೋಡು ಕಡಪ್ಪುರದಲ್ಲಿಯೋ ಅಂದೇ ದಡ ಮುಟ್ಟಿದ ಸಣ್ಣ ಮೀನು ಒಳ್ಳೆಯದು. ಹಣ ಇರುವವ ಅಂಜಲ್ ತಿನ್ನುವುದು, ಇಲ್ಲದವ ಬೂತಾಯಿ ತಿನ್ನುವುದು ಎಂಬ ಅಂತಸ್ತಿನ ಲೆಕ್ಕ ನಮ್ಮಲ್ಲಿ ಗಟ್ಟಿ ಉಂಟು. ನೆಂಟರ ಎದುರು ಬೂತಾಯಿ ಬಡಿಸಲು ನಾಚುವವರಿದ್ದಾರೆ. ಹೃದಯಕ್ಕೆ ಒಳ್ಳೆಯದು ಎಂದು ಡಾಕ್ಟರು ಮಾತ್ರೆಯಲ್ಲಿ ಬರೆದುಕೊಡುವ ಮೀನೆಣ್ಣೆ ಬೂತಾಯಿಯಲ್ಲಿ ಧಾರಾಳವಾಗಿ ಉಂಟು. ಮಾತ್ರೆ ನುಂಗುವುದು ಅಂತಸ್ತು, ಮೀನು ತಿನ್ನುವುದು ಬಡತನ!

ಆ ಬೂತಾಯಿಯೂ ಯಾವಾಗಲೂ ಸಿಗುವ ಸಾಮಾನಲ್ಲ. 2012ರಲ್ಲಿ ಕೇರಳದ ಕಡಲಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ಸಿಕ್ಕಿದ್ದು, 2021ರಲ್ಲಿ ಬರೀ 3,297 ಟನ್ನಿಗೆ ಇಳಿಯಿತು. ಆ ವರ್ಷ ನಮ್ಮ ಕಾಕನ ಬುಟ್ಟಿಯಲ್ಲಿ ಮತ್ತಿ ಎಂಬ ಕೂಗೇ ಇರಲಿಲ್ಲ. ಆಮೇಲೆ ಚೇತರಿಸಿ ಮತ್ತೆ ಲಕ್ಷ ಟನ್ ದಾಟಿತು. ಕಡಲಿನ ನೀರಿನ ಬಿಸಿ, ಮಳೆ, ಆಹಾರ ಎಲ್ಲವೂ ಸೇರಿದ ವಿಷಯ ಅದು. ಅಡಿಗೆಮನೆಯಿಂದ ಅದಕ್ಕೆ ಮದ್ದಿಲ್ಲ. ನಮ್ಮ ಕೈಯಲ್ಲಿ ಇರುವುದು ಮರಿಮೀನನ್ನು ಕೊಳ್ಳದಿರುವುದು ಮಾತ್ರ. ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಹಿಡಿಯಬಾರದು ಎಂದು ಕೇರಳದಲ್ಲಿ ನಿಯಮ ಉಂಟು. ಅಷ್ಟು ಸಣ್ಣದರಲ್ಲಿ ತಿನ್ನಲಿಕ್ಕೆ ಮುಳ್ಳು ಬಿಟ್ಟರೆ ಎಂತ ಉಂಟು?

ಎರಡು ಸರ್ಕಾರದ ನಡುವೆ ಬದುಕುವವರಿಗೆ ಮೀನಿನ ಕ್ಯಾಲೆಂಡರೂ ಎರಡು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಕೇರಳದಲ್ಲಿ ಟ್ರಾಲಿಂಗಿಗೆ ಜೂನ್ 9ರ ನಡುರಾತ್ರಿಯಿಂದ 52 ದಿನ. ತಲಪಾಡಿಯಲ್ಲಿ ಗೆರೆ ಎಳೆದದ್ದು ಮೀನಿಗೆ ಗೊತ್ತಿಲ್ಲವಲ್ಲ, ಎರಡೂ ಕಡೆಯವರು ಕೂತು ಒಂದೇ ದಿನ ಮಾಡಬಾರದಾ ಎಂದು ನಾನು ಪ್ರತಿ ವರ್ಷ ಯೋಚಿಸುವುದುಂಟು. ಇರಲಿ. ಆ ದಿನಗಳಿಗೆ ನಮ್ಮ ಹಿರಿಯರು ಇಟ್ಟುಕೊಂಡದ್ದು ಒಣಮೀನು. ಬೇಸಿಗೆಯಲ್ಲಿ ಒಣಗಿಸಿ ಇಟ್ಟ ನುಂಗೆಲನ್ನು ಕೆಂಡದಲ್ಲಿಯೋ ಕಾವಲಿಯಲ್ಲಿಯೋ ಸುಟ್ಟು, ತಲೆ ತೆಗೆದು, ಕಾಯಿತುರಿ, ಸುಟ್ಟ ಮೆಣಸು, ಹುಣಸೆ, ಒಂದು ನೀರುಳ್ಳಿ ಜೊತೆ ನೀರಿಲ್ಲದೆ ಜಜ್ಜಿದರೆ ಚಟ್ನಿ. ಉಪ್ಪು ಕೊನೆಗೆ, ಬಾಯಿಗೆ ಹಾಕಿ ನೋಡಿದ ಮೇಲೆ. ಹೊರಗೆ ಆಟಿಯ ಮಳೆ, ಎದುರಿಗೆ ಗಂಜಿ ಇದ್ದರೆ ಇದಕ್ಕಿಂತ ಹೆಚ್ಚಿನದ್ದನ್ನು ಕೇಳುವವ ಮೂರ್ಖ.

ಈ ಪುಟವನ್ನು ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ರಾಯದುರ್ಗದವರೂ ಓದುತ್ತಾರೆ, ಕಡಲಿಲ್ಲದ ನಾವು ಎಂತ ಮಾಡುವುದು ಎಂದು ಕೇಳಬಹುದು. ಉಜನಿ ಜಲಾಶಯದ್ದಾಗಲಿ, ಊರಿನ ಕೆರೆಯದ್ದಾಗಲಿ, ಕಾಟ್ಲಾ, ರೋಹು ಮೀನಿಗೂ ಇದೇ ದಾರಿ ನಡೆಯುತ್ತದೆ. ಸಿಹಿನೀರಿನ ಮೀನಿಗೆ ಕೆಲವೊಮ್ಮೆ ಕೆಸರಿನ ವಾಸನೆ ಇರುತ್ತದೆ, ಅದಕ್ಕೆ ಮಸಾಲೆ ಮದ್ದಲ್ಲ, ಹುಳಿ ಮದ್ದು. ಉಪ್ಪು, ಅರಸಿನ, ಲಿಂಬೆರಸ ಹಚ್ಚಿ ಕಾಲು ಗಂಟೆ ಇಟ್ಟು ತೊಳೆದರೆ ವಾಸನೆ ಇಳಿಯುತ್ತದೆ. ಸಾರಿಗೆ ಹಾಕುವ ಮೊದಲು ತುಂಡುಗಳನ್ನು ಕಾವಲಿಯಲ್ಲಿ ಎರಡೂ ಬದಿ ಸ್ವಲ್ಪ ಕೆಂಪಗೆ ಮಾಡಿಕೊಂಡರೆ ಒಡೆಯುವುದಿಲ್ಲ. ನಿಮ್ಮ ಕಡೆ ತೆಂಗಿನಕಾಯಿ ದುಬಾರಿ. ಪುಳಿಮುಂಚಿಗೆ ಕಾಯಿ ಬೇಡವೇ ಬೇಡ. ಜೋಳದ ರೊಟ್ಟಿಗೆ ಸಹ ಹೊಂದುತ್ತದೆ ಎಂದು ನನ್ನ ಊಹೆ. ತಿಂದು ನೋಡಿದವರು ಹೇಳಬೇಕು.

ನಾನು ಅಡಿಗೆ ಮಾಡುವ ಸುದ್ದಿ ಅಂಗಡಿಗೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಅಡಿಕೆ ತಂದ ಒಬ್ಬರು, "ಎಂತ ಮಾರಾಯ್ರೆ, ಕೈಯಲ್ಲಿ ಮೀನಿನ ವಾಸನೆ? ಯಜಮಾನರೇ ಅಡಿಗೆಭಟ್ಟರಾ ಈಗ?" ಎಂದು ಹತ್ತು ಜನರ ಎದುರು ನಗಾಡಿದರು. ಸೊಸೆ ಇಲ್ಲವಾ, ತಂಗಿಯನ್ನು ಕರೆಸಬಾರದಿತ್ತಾ ಎಂದು ಕೇಳಿದವರೂ ಉಂಟು. ಹೋಟೆಲಿನಲ್ಲಿ ಗಂಡಸು ಮೀನು ಕಾಯಿಸಿದರೆ ಕೆಲಸ, ಮನೆಯಲ್ಲಿ ಕಾಯಿಸಿದರೆ ತಮಾಷೆ. ಮೊದಲಿನ ನಾನಾದರೆ ನಾನೂ ನಗಾಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಬಂಗುಡೆ ಸರಿಯಾಗಿ ಬಂದ ಆ ರಾತ್ರಿ ನಡೆದದ್ದನ್ನು ಮಾತ್ರ ನಾನು ಅಂಗಡಿಯಲ್ಲಿ ಯಾರಿಗೂ ಹೇಳಲಿಲ್ಲ. ಕಾವಲಿಯಿಂದ ಎತ್ತಿದ ಮೀನನ್ನು ನೇರ ಅವಳ ಬಟ್ಟಲಿಗೆ ಹಾಕಿ, ಮುಳ್ಳು ಬಿಡಿಸಿಕೊಟ್ಟೆ. ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದವಳು ಒಮ್ಮೆ ನಿಲ್ಲಿಸಿ, "ಇಷ್ಟು ಬಿಸಿಯ ಮೀನು ನಾನು ತಿಂದದ್ದು ನೆನಪಿಲ್ಲ" ಎಂದಳು. ದೂರು ಅಲ್ಲ. ಮಳೆ ಬರುತ್ತಾ ಉಂಟು ಎಂದು ಹೇಳಿದ ಹಾಗೆ ಹೇಳಿದಳು. ನಾನು ಆಮೇಲೆ ಲೆಕ್ಕ ಹಾಕಿದೆ. ಮದುವೆಯಾಗಿ 34 ವರ್ಷ. ಮೊದಲು ನನ್ನ ಅಪ್ಪ, ಆಮೇಲೆ ನಾನು, ಮಕ್ಕಳು, ತೋಟದ ಕೆಲಸದವರು, ಎಲ್ಲರಿಗೂ ಕಾವಲಿಯಿಂದ ಬಿಸಿ ಬಿಸಿ ಬಡಿಸಿ, ಉಳಿದ ಒಡೆದ ತುಂಡು, ತಲೆ, ಬಾಲವನ್ನು ಆರಿದ ಮೇಲೆ ಅವಳು ತಿಂದದ್ದು. ತಲೆಯಲ್ಲಿಯೇ ರುಚಿ ಎಂದು ಅವಳು ಹೇಳುತ್ತಿದ್ದಳು, ನಾನು ನಂಬಿದ್ದೆ.

ಪ್ಲಾಸ್ಟರ್ ತೆಗೆದು ಈಗ ಬಹಳ ಕಾಲವಾಯಿತು. ಮಣಿಕಟ್ಟು ಚಳಿಗೆ ಇನ್ನೂ ನೋಯುತ್ತದೆ, ಕಡೆಯುವ ಕಲ್ಲಿನ ಹತ್ತಿರ ಅವಳು ಹೋಗುವುದಿಲ್ಲ. ಬುಧವಾರ ಮತ್ತು ಆದಿತ್ಯವಾರದ ಮೀನು ನನ್ನದು, ಉಳಿದ ದಿನ ಅವಳದ್ದು. ಅವಳ ದಿನಗಳಲ್ಲಿ ಸಹ ಮೆಟ್ಟುಕತ್ತಿಯ ಕೆಲಸ ನನ್ನದೇ. ನೆಂಟರು ಬಂದರೆ ಹುರಿದು ಕಡೆದ ಗಸಿ ಆಗುತ್ತದೆ, ಕಾಯಿ ತುರಿಯುವವ ನಾನು. ಕಳೆದ ಓಣಂ ರಜೆಗೆ ಬಂದ ಮಗನನ್ನು ಎಳೆದು ತಂದು ಒಲೆಯ ಎದುರು ನಿಲ್ಲಿಸಿದೆ. ಅವನು ಅರ್ಧ ನಿಮಿಷಕ್ಕೇ ಮಗುಚಲು ಹೋದ. ನಾನು ಬಾಯಿ ತೆರೆಯುವ ಮೊದಲೇ ಸ್ಟೂಲಿನಿಂದ ಅವಳ ಸ್ವರ ಬಂತು: "ಮುಟ್ಟಬೇಡ. ಅದೇ ಬಿಡ್ತದೆ."

ನನ್ನ ಪುಳಿಮುಂಚಿಗೆ ಬೆಳ್ಳುಳ್ಳಿ ಹೆಚ್ಚು ಎಂದು ಅವಳ ತಕರಾರು ಈಗಲೂ ಉಂಟು. ನಾಲ್ಕು ಎಸಳು ಸಾಕಂತೆ. ನಾನು ಆರೇ ಹಾಕುವುದು.